ಸದ್ದು ತೆಗೆದ ಮೇಲೆ ಸಿನಿಮಾ

ಅಕ್ಕನ ಮಗ ಕೆಲಸಕ್ಕೆಂದು ಪುಣೆಗೆ ಹೋದಾಗ ಅವನ ಗೇಮಿಂಗ್ ಕಂಪ್ಯೂಟರ್ ನಮ್ಮ ಮನೆಯ ಮಂಚದಡಿ ಉಳಿಯಿತು. 2015ರಲ್ಲಿ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಅಂಗಡಿ ಅಂಗಡಿ ಅಲೆದು, ಒಂದೊಂದೇ ಭಾಗ ಆರಿಸಿ ಜೋಡಿಸಿದ್ದು: ಇಂಟೆಲ್‌ನ ನಾಲ್ಕನೇ ತಲೆಮಾರಿನ ಐ5 ಪ್ರೊಸೆಸರ್, ಜಿಟಿಎಕ್ಸ್ 960 ಗ್ರಾಫಿಕ್ಸ್ ಕಾರ್ಡ್, ಕೆಂಪು ದೀಪದ ಮೂರು ಫ್ಯಾನು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ರ ಪಟ್ಟಿಯಲ್ಲಿ ಎಂಟನೇ ತಲೆಮಾರಿಗಿಂತ ಹಳೆಯ ಇಂಟೆಲ್ ಪ್ರೊಸೆಸರ್‌ಗಳಿಗೆ ಹೆಚ್ಚುಕಮ್ಮಿ ಜಾಗವೇ ಇಲ್ಲ. ಹೀಗೆ ಗುಜರಿಯ ದಾರಿ ಹಿಡಿದ ಯಂತ್ರಗಳಿಗೆ ಗೆಳೆಯರು ಹೇಳುವ ಉಪಾಯ ಒಂದೇ: ಟಿವಿಗೆ ಜೋಡಿಸಿ ಹೋಮ್ ಥಿಯೇಟರ್ ಮಾಡಿಕೋ. ಮಾಡಿ, ಕೆಲವು ತಿಂಗಳು ಬಳಸಿ ನೋಡಿದ್ದೇನೆ. ಉಪಾಯ ಒಳ್ಳೆಯದೇ. ಆದರೆ ಅದಕ್ಕೆ ಅವರು ಕೊಡುವ ಕಾರಣ ಸರಿಯಿಲ್ಲ.

ಅವರು ಕೊಡುವ ಕಾರಣ ಶಕ್ತಿ. ಅಂಥ ಗೇಮ್‌ಗಳನ್ನೇ ಓಡಿಸಿದ ಯಂತ್ರಕ್ಕೆ ಸಿನಿಮಾ ಯಾವ ಲೆಕ್ಕ ಎನ್ನುತ್ತಾರೆ. ಸಿನಿಮಾ ಕೇಳುವುದು ಆ ಶಕ್ತಿಯನ್ನಲ್ಲ. ಒತ್ತಿ ಚಿಕ್ಕದು ಮಾಡಿಟ್ಟ ವಿಡಿಯೊವನ್ನು ಬಿಡಿಸಲು ಗ್ರಾಫಿಕ್ಸ್ ಚಿಪ್ಪಿನೊಳಗೆ ಬೇರೆಯೇ ಒಂದು ಪುಟ್ಟ ಭಾಗವಿರುತ್ತದೆ. ಅದಕ್ಕೆ ಆ ವಿಡಿಯೊದ ನಮೂನೆ ಗೊತ್ತಿದ್ದರೆ ಕೆಲಸ ಸರಾಗ. ಗೊತ್ತಿಲ್ಲದಿದ್ದರೆ ಇಡೀ ಭಾರ ಪ್ರೊಸೆಸರ್ ಮೇಲೆ ಬೀಳುತ್ತದೆ. ಜಿಟಿಎಕ್ಸ್ 960 ಎಚ್‌ಇವಿಸಿ ಎಂಬ ನಮೂನೆ ಬಲ್ಲದು, ಎವಿ1 ಎಂಬುದನ್ನು ಅರಿಯದು. ಎನ್‌ವಿಡಿಯಾ ಕಾರ್ಡುಗಳಲ್ಲಿ ಎವಿ1 ಬಂದದ್ದೇ 2020ರ ಆರ್‌ಟಿಎಕ್ಸ್ 30 ಸಾಲಿನಿಂದ. ಅಷ್ಟು ದುಡ್ಡು ಸುರಿದು ತಂದ ಕಾರ್ಡು ಈ ಒಂದು ವಿಷಯದಲ್ಲಿ ಟಿವಿಗೆ ಸಿಕ್ಕಿಸುವ ಈಗಿನ ಎಷ್ಟೋ ಸ್ಟಿಕ್‌ಗಳಿಗಿಂತ ಹಿಂದೆ.

ಮೊದಲ ದಿನ ಹಾಕಿದ್ದು ‘ಘಟಶ್ರಾದ್ಧ’. ಗಿರೀಶ ಕಾಸರವಳ್ಳಿಯವರ 1977ರ ಆ ಕಪ್ಪು-ಬಿಳುಪು ಚಿತ್ರದಲ್ಲಿ ಮಾತಿಗಿಂತ ಮಾತಿಲ್ಲದ ಹೊತ್ತಿಗೇ ಹೆಚ್ಚು ತೂಕ. ಆ ಹೊತ್ತನ್ನೆಲ್ಲ ಫ್ಯಾನಿನ ಮೊರೆತ ತುಂಬಿಬಿಟ್ಟಿತು. ನಾನು ಅರ್ಧಕ್ಕೇ ನಿಲ್ಲಿಸಿದೆ. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಒಬ್ಬನೇ ಕೂತು ಆಡುವವನಿಗೆಂದು ಕಟ್ಟಿದ ಯಂತ್ರ ಅದು. ನಾಲ್ಕು ಜನ ಕೂತು ನೋಡುವ ಹಾಲ್‌ಗೆ ಅದನ್ನು ತರಬೇಕಾದರೆ ಮೊದಲು ಅದರ ಸದ್ದು ಅಡಗಿಸಬೇಕು.

ಅವತ್ತಿನಿಂದ ನಾನು ಹೊಸದೇನನ್ನೂ ಸೇರಿಸಲಿಲ್ಲ, ಒಂದೊಂದೇ ತೆಗೆಯುತ್ತ ಬಂದೆ. ತಾರಸಿಗೆ ಒಯ್ದು ಬ್ಲೋವರ್‌ನಿಂದ ಧೂಳು ಊದಿದೆ. ಪ್ರೊಸೆಸರ್ ಮೇಲಿನ ಪೇಸ್ಟ್ ಒಣಗಿ, ಹಳೇ ಗೋಡೆಯ ಸುಣ್ಣದಂತೆ ಉದುರಿತು, ಹೊಸದು ಹಚ್ಚಿದೆ. ಗ್ರಾಫಿಕ್ಸ್ ಕಾರ್ಡನ್ನೇ ಬಿಚ್ಚಿಟ್ಟೆ. ಮೂರು ಫ್ಯಾನಿನಲ್ಲಿ ಎರಡು ತೆಗೆದು, ಉಳಿದದ್ದರ ವೇಗ ತಗ್ಗಿಸಿದೆ. ಸಿನಿಮಾ ಓಡುವಾಗ 70 ವ್ಯಾಟ್ ತೋರಿಸುತ್ತಿದ್ದ ಮೀಟರ್ 40ಕ್ಕೆ ಇಳಿಯಿತು. ದಿನಕ್ಕೆ ಐದು ತಾಸಿನಂತೆ ತಿಂಗಳಿಗೆ 6 ಯೂನಿಟ್. ಹಗಲೂ ರಾತ್ರಿ ಹಾಗೇ ಬಿಟ್ಟರೆ 29ರ ಹತ್ತಿರ ಹೋಗುತ್ತದೆ. ಉಚಿತ ವಿದ್ಯುತ್ತಿನ ಗೃಹಜ್ಯೋತಿಯ ಮಿತಿಯಂಚಿನಲ್ಲಿ ಬದುಕುವ ಮನೆಗೆ ಅದು ಸಣ್ಣ ಲೆಕ್ಕವಲ್ಲ. ಕಾರ್ಡು ತೆಗೆದದ್ದಕ್ಕೆ ತೆತ್ತ ಬೆಲೆಯೂ ಇದೆ: ಈ ಪ್ರೊಸೆಸರಿನೊಳಗಿನ ಗ್ರಾಫಿಕ್ಸ್‌ಗೆ 4ಕೆ ಸಿನಿಮಾದ ಭಾರ ಹೊರಲಾಗದು. ನಮ್ಮ 43 ಇಂಚಿನ ಟಿವಿಗೆ ಫುಲ್ ಎಚ್‌ಡಿ ಧಾರಾಳ. ಗೋಡೆ ತುಂಬ ಟಿವಿ ಇರುವವರು ನನ್ನ ಮಾತು ಕೇಳಬೇಕಿಲ್ಲ.

ಓಟಿಟಿಗಾಗಿ ಈ ಕೆಲಸಕ್ಕೆ ಕೈ ಹಾಕುವವರಿಗೆ ಬೇಡ ಎಂದೇ ಹೇಳುತ್ತೇನೆ. ನಕಲು ತಡೆಯಲು ಓಟಿಟಿಯವರು ಬಳಸುವ ವೈಡ್‌ವೈನ್ ಎಂಬ ಬೀಗದಲ್ಲಿ ಮೇಲಿನ ಹಂತ ಒಪ್ಪಿಗೆ ಪಡೆದ ಟಿವಿ, ಸ್ಟಿಕ್, ಫೋನುಗಳಿಗೆ. ವಿಂಡೋಸ್ ಬದಲು ಲಿನಕ್ಸ್ ಹಾಕಿದ ಇಂಥ ಕಂಪ್ಯೂಟರಿನ ಬ್ರೌಸರಿಗೆ ದಕ್ಕುವುದು ಕೆಳಗಿನ ಹಂತ. ಅದೇ ಚಂದಾ ಕೊಟ್ಟು ಮಸುಕು ಚಿತ್ರ ನೋಡಬೇಕು. ಇದು ಅನ್ಯಾಯ, ಆದರೆ ಇರುವುದು ಹೀಗೆ.

ಹಾಗಾದರೆ ಯಾಕೆ ಬೇಕು ಇದು? ನಮ್ಮಲ್ಲೇ ಇರುವುದನ್ನು ನೋಡಲು. ನಾನು ಹಾಕಿಕೊಂಡದ್ದು ಲಿಬ್ರೆಎಲೆಕ್ ಎಂಬ ಪುಟ್ಟ ಲಿನಕ್ಸ್. ಗುಂಡಿ ಒತ್ತಿದರೆ ಸಿನಿಮಾ ತೋರಿಸುವ ಕೋಡಿ ಎಂಬ ತಂತ್ರಾಂಶ ನೇರ ತೆರೆದುಕೊಳ್ಳುತ್ತದೆ. ಕೋಡಿಯ ಮೂಲವೇ ಗೇಮ್ ಯಂತ್ರ. 2002ರಲ್ಲಿ ಎಕ್ಸ್‌ಬಾಕ್ಸ್‌ನ ಬೀಗ ಮುರಿದ ಉತ್ಸಾಹಿಗಳು ಅದರಲ್ಲಿ ವಿಡಿಯೊ ನೋಡಲು ಬರೆದುಕೊಂಡ ತಂತ್ರಾಂಶ ಬೆಳೆದು, 2014ರಲ್ಲಿ ಈ ಹೆಸರು ಪಡೆಯಿತು. ಆಟದ ಪೆಟ್ಟಿಗೆಯನ್ನು ಸಿನಿಮಾಕ್ಕೆ ಒಗ್ಗಿಸುವ ಆಸೆ ಅಷ್ಟು ಹಳೆಯದು. ಫೈಲಿನ ಹೆಸರು ನೋಡಿ ಪೋಸ್ಟರ್, ತಾರಾಗಣ ಎಲ್ಲ ತಾನೇ ತಂದು ಜೋಡಿಸುತ್ತದೆ. ಕನ್ನಡದ ವಿಷಯದಲ್ಲಿ ಮಾತ್ರ ಕೈಹಿಡಿದು ನಡೆಸಬೇಕು. ‘ಗಂಧದ ಗುಡಿ’ ಎಂದಷ್ಟೇ ಬರೆದಿಟ್ಟಿದ್ದೆ. ರಾಜ್‌ಕುಮಾರ್ ಅವರ 1973ರ ಚಿತ್ರದ ಮೇಲೆ ಪುನೀತ್ ಅವರ 2022ರ ಸಾಕ್ಷ್ಯಚಿತ್ರದ ಪೋಸ್ಟರ್ ಬಂದು ಕೂತಿತು. ಹೆಸರಿನ ಪಕ್ಕ ಇಸವಿ ಹಾಕಿದ ಮೇಲೆ ಅಪ್ಪ-ಮಗ ಇಬ್ಬರೂ ತಂತಮ್ಮ ಜಾಗಕ್ಕೆ ಬಂದರು. ಮುನ್ನೂರು ಚಿತ್ರಗಳಿಗೆ ಹೀಗೆ ಇಸವಿ ಬರೆಯಲು ಎರಡು ಭಾನುವಾರ ಹಿಡಿಯಿತು. ಬೇಸರವಾಗಲಿಲ್ಲ.

ಈ ಯಂತ್ರದ ಬೆಲೆ ನನಗೆ ಪೂರ್ತಿ ತಿಳಿದದ್ದು ಅಕ್ಕನ ಮದುವೆ ಕ್ಯಾಸೆಟ್ಟಿನಿಂದ. 1994ರದ್ದು, ಆಮೇಲೆ ಸ್ಟುಡಿಯೊದವರಿಂದ ಡಿವಿಡಿಗೆ ಇಳಿಸಿಕೊಂಡಿದ್ದೆವು. ನಮ್ಮ ಟಿವಿಗೆ ಪೆನ್‌ಡ್ರೈವ್ ಹಾಕಿ ನೋಡಿದರೆ ಅಲುಗಾಡುವ ಎಲ್ಲದರ ಅಂಚಿನಲ್ಲೂ ಬಾಚಣಿಗೆಯ ಹಲ್ಲಿನಂಥ ಗೆರೆ. ಆ ಕಾಲದ ವಿಡಿಯೊದಲ್ಲಿ ಒಂದು ಚಿತ್ರವನ್ನು ಎರಡು ಅರ್ಧ ಮಾಡಿ, ಬೆಸ ಗೆರೆಗಳನ್ನೊಮ್ಮೆ, ಸಮ ಗೆರೆಗಳನ್ನೊಮ್ಮೆ ಸೆರೆಹಿಡಿಯುತ್ತಿದ್ದರು. ಎರಡರ ನಡುವೆ ಕೈ ಸರಿದರೆ ಅರ್ಧಗಳು ಹೊಂದುವುದಿಲ್ಲ. ಕೋಡಿ ಅವನ್ನು ಬೆಸೆದುಕೊಡುತ್ತದೆ. ಜೊತೆಗೆ ವಿಡಿಯೊದ ವೇಗಕ್ಕೆ ತಕ್ಕಂತೆ ಟಿವಿಯ ವೇಗ ಬದಲಿಸುವ ಒಂದು ಸೆಟ್ಟಿಂಗ್ ಇದೆ. ಸೆಕೆಂಡಿಗೆ 25 ಚಿತ್ರದ ನಮ್ಮ ಪಾಲ್ ವಿಡಿಯೊಗೆ ಟಿವಿ 60ರಿಂದ 50ಕ್ಕೆ ಇಳಿದು, ಜರ್ಕ್ ನಿಲ್ಲುತ್ತದೆ. ಧಾರೆ ಎರೆಯುವಾಗ ಅಪ್ಪನ ಕೈ ಸಣ್ಣಗೆ ನಡುಗಿದ್ದು ಅವತ್ತೇ ನಮಗೆಲ್ಲ ಕಂಡದ್ದು. ಇಷ್ಟು ವರ್ಷ ಅದನ್ನು ಗೆರೆಯ ದೋಷ ಅಂದುಕೊಂಡಿದ್ದೆವು.

ಅಮ್ಮ ಆ ಜಾಗವನ್ನು ಈಗ ತಾವೇ ಹಾಕಿ ನೋಡುತ್ತಾರೆ. ಟಿವಿಯ ರಿಮೋಟ್ ಕಂಪ್ಯೂಟರಿಗೆ ನಡೆಯದು ಎಂಬುದು ಈ ಏರ್ಪಾಡಿನ ದೊಡ್ಡ ಕೊರತೆ. ಅವರಿಗೆಂದು ಯುಎಸ್‌ಬಿ ರಿಸೀವರ್ ಇರುವ ಬೇರೆ ರಿಮೋಟ್ ತಂದು, ಬೇಕಾದ ಐದು ಗುಂಡಿ ಬಿಟ್ಟು ಉಳಿದವುಗಳ ಮೇಲೆ ಟೇಪು ಅಂಟಿಸಿದ್ದೇನೆ. ಹತ್ತು ವರ್ಷದ ಹಾರ್ಡ್ ಡಿಸ್ಕನ್ನು ಮಾತ್ರ ನಂಬಲಿಲ್ಲ. ಮದುವೆಯ ವಿಡಿಯೊದ ಇನ್ನೊಂದು ಪ್ರತಿ ಈಗ ಪುಣೆಯಲ್ಲಿ, ಅಕ್ಕನ ಮಗನ ಹತ್ತಿರ ಇದೆ.