ತಂಗಡಿ: ಹೂವಿನ ಹೊನ್ನು, ತೊಗಟೆಯ ಹದ

ಕನ್ನಡ ಕಾವ್ಯಪರಂಪರೆಯಲ್ಲಿ ಸಂಪಿಗೆ, ಕೇದಗೆ, ಮಲ್ಲಿಗೆಗಳಿಗೆ ದೊರೆತ ಮನ್ನಣೆ ತಂಗಡಿಗೆ ದೊರೆತಿಲ್ಲ. ಆವರಿಕೆ, ಹೊನ್ನಾವರಿಕೆ ಎಂಬ ಹೆಸರುಗಳೂ ಇರುವ ಈ ಗಿಡ ಬಯಲುಸೀಮೆಯ ಬೀಳುನೆಲ, ಬದು, ದಾರಿಯಂಚುಗಳಲ್ಲಿ ತಾನಾಗಿ ಬೆಳೆಯುತ್ತದೆ. ದನಕರುಗಳು ಇದರ ಸೊಪ್ಪಿಗೆ ಬಾಯಿ ಹಾಕುವುದು ವಿರಳ. ಮೇದು ಬೋಳಾದ ಗೋಮಾಳದಲ್ಲಿಯೂ ಇದು ಗೊಂಚಲು ಗೊಂಚಲಾಗಿ ಹಳದಿ ಹೂ ಹೊತ್ತು ನಿಲ್ಲುವುದು ಆ ಕಾರಣದಿಂದಲೇ.

ದೀಪಾವಳಿಯಲ್ಲಿ ಬಯಲುಸೀಮೆಯ ಹಲವೆಡೆ ಸಗಣಿಯಿಂದ ಹಟ್ಟಿ ಲಕ್ಕವ್ವನನ್ನು ಮಾಡಿ ಹೊಸಿಲಲ್ಲಿಟ್ಟು, ಉತ್ತರಾಣಿ, ಹುಚ್ಚೆಳ್ಳು ಹೂಗಳೊಡನೆ ಹೊನ್ನಾವರಿಕೆಯನ್ನೂ ಮುಡಿಸುವ ರೂಢಿಯಿದೆ. ಹಳದಿಯೆಂದರೆ ಹೊನ್ನು, ಹೊನ್ನೆಂದರೆ ಲಕ್ಷ್ಮಿ ಎಂಬ ಸಮೀಕರಣದಿಂದ ಈ ಆಚರಣೆಯನ್ನು ಸುಲಭವಾಗಿ ಅರ್ಥೈಸಬಹುದು. ಹೆಸರಿನಲ್ಲಿಯೇ ಹೊನ್ನು ಇರುವುದರಿಂದ ಆ ವಿವರಣೆ ತಪ್ಪೆನ್ನಲಾಗದು. ಆದರೆ ಅದು ಗಿಡದ ಹೂವನ್ನು ಮಾತ್ರ ನೋಡುತ್ತದೆ.

ತಂಗಡಿಯ ತೊಗಟೆ ಒಗರು ಸತ್ವದಿಂದ ತುಂಬಿದ್ದು, ದಕ್ಷಿಣ ಭಾರತದಲ್ಲಿ ಚರ್ಮ ಹದಮಾಡಲು ಬಹುಕಾಲ ಮುಖ್ಯ ಸಾಮಗ್ರಿಯಾಗಿತ್ತು. ಸುಣ್ಣದ ನೀರಿನಲ್ಲಿ ನೆನೆಸಿ ಕೂದಲು ತೆಗೆದ ಚರ್ಮವನ್ನು ಚೀಲದಂತೆ ಹೊಲಿದು, ತೊಗಟೆಯ ಚೂರು ಮತ್ತು ನೀರನ್ನು ತುಂಬಿ ತೂಗುಹಾಕುವ ವಿಧಾನವೂ ಇತ್ತು. ಹೀಗೆ ಹದಗೊಂಡ ಚರ್ಮವೇ ಕಪಿಲೆಯ ಚೀಲವಾಯಿತು, ಮಿಣಿಯಾಯಿತು, ಮೆಟ್ಟಾಯಿತು. ಹೊಸಿಲಿನ ಹೂವಿನಲ್ಲಿ ಸಮೃದ್ಧಿಯನ್ನು ಕಂಡ ಬೇಸಾಯಗಾರನ ಹೊಲಕ್ಕೆ ನೀರು ಹರಿದದ್ದು ಅದೇ ಗಿಡದ ತೊಗಟೆ ಹದಗೊಳಿಸಿದ ಚರ್ಮದಲ್ಲಿ. ಆ ಚರ್ಮವನ್ನು ಹದಮಾಡಿದ ಮಾದಿಗ ಸಮುದಾಯದವರನ್ನು ಮಾತ್ರ ಊರು ಹೊಸಿಲಿನಿಂದ ದೂರವೇ ಇರಿಸಿತು. ಹೂವಿಗೆ ಒಳಗೆ ಪ್ರವೇಶವಿತ್ತು, ತೊಗಟೆ ಸುಲಿದ ಕೈಗೆ ಇರಲಿಲ್ಲ. ಚೆಲುವನ್ನಷ್ಟೇ ವರ್ಣಿಸುವ ಜಾನಪದ ವಿಮರ್ಶೆಯು ಈ ವಿಂಗಡಣೆಯನ್ನು ತಿಳಿಯದೆಯೇ ಮುಂದುವರಿಸುತ್ತದೆ.

ನೆರೆಯ ಭಾಷೆಗಳ ಸಾಕ್ಷ್ಯವೂ ಹೊನ್ನಿನ ಸಮೀಕರಣಕ್ಕೆ ಪೂರ್ತಿ ಒಗ್ಗುವುದಿಲ್ಲ. ತೆಲಂಗಾಣದ ಬತುಕಮ್ಮದಲ್ಲಿ ತಂಗೇಡು ಮಂಗಳದ ಹೂವೇ ಹೌದು. 2014ರಲ್ಲಿ ರಚನೆಯಾದ ಆ ರಾಜ್ಯ ಅದನ್ನೇ ತನ್ನ ಪುಷ್ಪವಾಗಿ ಆರಿಸಿಕೊಂಡಿತು. ತಮಿಳಿನ ಸಂಗಂ ಕಾವ್ಯದಲ್ಲಿ ಚಿತ್ರ ಬೇರೆ. ಪ್ರೇಮದಲ್ಲಿ ಸೋತ ನಾಯಕ ತಾಳೆಗರಿಯ ಕುದುರೆಯೇರಿ, ಮಾನ ತೊರೆದು ಊರಬೀದಿಗೆ ಬರುವಾಗ ಧರಿಸುವ ಹೂಗಳಲ್ಲಿ ಆವಿರೈ ಒಂದು. ಎಕ್ಕದ ಹೂ ಅದರ ಸಂಗಾತಿ. ಅಲ್ಲಿ ಅದರ ಬಣ್ಣ ಹೊನ್ನಿನದೇ, ಸಂದರ್ಭ ಮಾತ್ರ ಲೋಕಾಪವಾದದ್ದು.

ಲಿನೇಯಸ್ 1753ರಲ್ಲಿ ಈ ಸಸ್ಯಕ್ಕೆ ಕೊಟ್ಟ ಲ್ಯಾಟಿನ್ ವಿಶೇಷಣದ ಅರ್ಥ ‘ಕಿವಿಯುಳ್ಳದ್ದು’ ಎಂದು. ಎಲೆಯ ಬುಡದ ಅಗಲವಾದ ಪುಟ್ಟ ದಳಗಳು ಅದಕ್ಕೆ ಕಾರಣವಾಗಿವೆ. ಇಂಗ್ಲಿಷಿನ ಬಳಕೆಯ ಹೆಸರಾದರೋ ಚರ್ಮ ಹದಮಾಡುವವರ ಕ್ಯಾಸಿಯಾ ಎಂಬರ್ಥದ್ದು. ವ್ಯಾಪಾರದ ಕಣ್ಣು ಕಸುಬನ್ನು ಗುರುತಿಸಿದರೆ, ಹೊನ್ನಾವರಿಕೆ ಎಂಬ ಹೆಸರು ಹೂವಿನ ಬಣ್ಣದಲ್ಲಿಯೇ ನಿಂತಿತು. 20ನೆಯ ಶತಮಾನದಲ್ಲಿ ವಾಟಲ್ ತೊಗಟೆ ಮತ್ತು ಕ್ರೋಮ್ ಹದಗಳು ಬಂದು ತಂಗಡಿಯ ಬೇಡಿಕೆ ಕುಸಿಯಿತು. ಹಬ್ಬಕ್ಕೆ ಹೂ ಬಿಡಿಸುವ ರೂಢಿ ಉಳಿದಿದೆ. ತೊಗಟೆಯನ್ನು ಯಾವ ಹದಕ್ಕೆ ಸುಲಿಯಬೇಕು, ಎಷ್ಟು ದಿನ ನೆನೆಸಬೇಕು ಎಂಬ ತಿಳಿವಳಿಕೆ ಕಸುಬಿನವರ ಹಿರಿಯ ತಲೆಮಾರಿನೊಡನೆ ಕರಗುತ್ತಿದೆ.