ಮಡಿಚಿಟ್ಟ ಮನಸ್ಸು

ಬೆಂಗಳೂರಿನ ನಿಮ್ಹಾನ್ಸ್‌ನ ಮೆದುಳು ಸಂಗ್ರಹಾಲಯಕ್ಕೆ ಹೋದರೆ ನಿಜವಾದ ಮಾನವ ಮೆದುಳನ್ನು ಕೈಯಲ್ಲಿ ಹಿಡಿಯಬಹುದು. ನರರೋಗ ವಿಜ್ಞಾನಿ ಡಾ. ಎಸ್.ಕೆ. ಶಂಕರ್ ಕಟ್ಟಿ ಬೆಳೆಸಿದ ಸಂಗ್ರಹವದು. ಮುಟ್ಟಬೇಡಿ ಎನ್ನುವ ಫಲಕಗಳ ನಾಡಿನಲ್ಲಿ ಇಂಥ ಔದಾರ್ಯ ಅಪರೂಪ!

ನಾನು ಮೆಚ್ಚುವುದು ಮೆದುಳಿನ ಹೊರಪದರವನ್ನು. ದಪ್ಪ ಬರೀ 2ರಿಂದ 4 ಮಿಲಿಮೀಟರ್. ಬಿಡಿಸಿ ಹಾಸಿದರೆ ದೊಡ್ಡ ಕರವಸ್ತ್ರದಷ್ಟು. ತಲೆಬುರುಡೆಯೊಳಗೆ ಹಿಡಿಸಲೆಂದೇ ಮಡಿಕೆ ಮಡಿಕೆಯಾಗಿದೆ. ಭಯದ ಗಂಟೆ ಬಾರಿಸುವ ಅಮಿಗ್ಡಲಾ ಒಳಗೆ ಆಳದಲ್ಲಿದೆ. ಹಣೆಯ ಹಿಂದಿನ ಪದರ ಅದನ್ನು ಹದಕ್ಕೆ ತರುತ್ತದೆ. ಎದೆ ಡವಗುಟ್ಟುವುದು, ಹೊಟ್ಟೆ ತಳಮಳಿಸುವುದು ಅರಿವಿಗೆ ಬರಲು ಪಕ್ಕದ ಸೀಳಿನಲ್ಲಿ ಅಡಗಿದ ಇನ್ಸುಲಾ ನೆರವಾಗುತ್ತದೆ. ಹದಿಹರೆಯದಲ್ಲಿ ಪದರ ತೆಳುವಾಗುವುದು ಸಹಜ. ಹಣೆಯ ಭಾಗ ಪಕ್ವವಾಗುವುದು ಇಪ್ಪತ್ತು ದಾಟಿದ ಮೇಲೆ. ಹದಿನಾರರ ಸಿಟ್ಟಿಗೆ ಅಷ್ಟಾದರೂ ರಿಯಾಯಿತಿ ಕೊಡಬೇಕು.

ಖಿನ್ನತೆಯಿರುವ ವಯಸ್ಕರಲ್ಲಿ ಈ ಪದರದ ಕೆಲವು ಭಾಗ ಸರಾಸರಿ ತುಸು ತೆಳು ಎಂದು ದೊಡ್ಡ ಅಧ್ಯಯನಗಳು ಕಂಡಿವೆ. ಆದರೆ ವ್ಯತ್ಯಾಸ ಬಲು ಸಣ್ಣದು. ಒಬ್ಬರ ಸ್ಕ್ಯಾನ್ ನೋಡಿ ಖಿನ್ನತೆ ಹೇಳಲಾಗದು. ಅದಕ್ಕೇ ವೈದ್ಯರು ಪದರ ಅಳೆಯುವುದಿಲ್ಲ, ನಿದ್ದೆ ಬರುತ್ತದೆಯೇ, ಊಟ ಸೇರುತ್ತದೆಯೇ ಎಂದು ಕೇಳುತ್ತಾರೆ.