ಕುಂತಿ ಆಡಿದವರು ಯಾರು?

ನಮ್ಮ ಹೊಸೂರು, ತಳಿ, ದೆಂಕಣಿಕೋಟೆ ಕಡೆ ‘ಕರ್ಣನ್’ ಸಿನಿಮಾ ನೋಡದ ಮನೆ ಇಲ್ಲ ಅಂದ್ರೆ ತಪ್ಪಾಗಲಾರದು. 1964ರ ಚಿತ್ರ, 2012ರಲ್ಲಿ ಶುದ್ಧಮಾಡಿ ಮತ್ತೆ ಬಿಟ್ಟಾಗಲೂ ಜನ ಹೋಗಿ ನೋಡಿದ್ರು. ಕರ್ಣ ಶಿವಾಜಿ, ಕೃಷ್ಣ ಎನ್.ಟಿ.ಆರ್. ಅಂತ ಹುಡುಗರೂ ಹೇಳ್ತಾರೆ. ಕುಂತಿ ಯಾರು ಅಂತ ಕೇಳಿದ್ರೆ, ‘ಯಾರೋ ಹಳೇ ಕಾಲದ ಅಮ್ಮ’ ಅಂತಾರೆ. ಆಕೆ ಎಂ.ವಿ. ರಾಜಮ್ಮ, ಕನ್ನಡದವರು. ಚಿತ್ರ ಮಾಡಿದ ಬಿ.ಆರ್. ಪಂತುಲು ಅವರೂ ಕೋಲಾರದ ಕಡೆಯವರೇ.

ರಾಜಮ್ಮ ಬಂದದ್ದು ನಾಟಕದಿಂದ. ರಂಗದ ಮೇಲೂ ಪಂತುಲು ಜೊತೆಗಿದ್ದರು. 1936ರ ‘ಸಂಸಾರ ನೌಕ’ದಲ್ಲಿ ಅವರು ನಾಯಕ, ಈಕೆ ನಾಯಕಿ. ಕನ್ನಡದ ಮೊದಲ ವಾಕ್ಚಿತ್ರ ಬಂದು ಆಗ ಎರಡೇ ವರ್ಷ. 1940ರಲ್ಲಿ ನಮ್ಮ ಪಕ್ಕದ ಸೇಲಂನ ಮಾಡರ್ನ್ ಥಿಯೇಟರ್ಸ್ ‘ಉತ್ತಮ ಪುತ್ತಿರನ್’ ತೆಗೆದಾಗ ಪಿ.ಯು. ಚಿನ್ನಪ್ಪನವರಿಗೆ ನಾಯಕಿ ಇವರೇ. 1943ರಲ್ಲಿ ‘ರಾಧಾ ರಮಣ’ ಚಿತ್ರಕ್ಕೆ ತಾವೇ ನಿರ್ಮಾಪಕಿಯಾದರು. ಕನ್ನಡದಲ್ಲಿ ಅದಕ್ಕೆ ಮೊದಲು ಯಾವ ಹೆಂಗಸೂ ಆ ಧೈರ್ಯ ಮಾಡಿರಲಿಲ್ಲ. ಇಷ್ಟೆಲ್ಲ ಮಾಡಿದವರು ನಮ್ಮ ನೆನಪಲ್ಲಿ ಬರೀ ‘ಅಳೋ ಅಮ್ಮ’ ಆಗಿ ಉಳಿದರಲ್ಲ, ಅದೇ ನನಗೆ ಬೇಜಾರು. ಶಿವಾಜಿಗಿಂತ ಕೆಲವೇ ವರ್ಷ ದೊಡ್ಡವರು ನೋಡಿ, ಅವರಿಗೇ ತಾಯಿ!

ಆದರೆ ತಾಯಿ ಪಾತ್ರ ಅಂದಮಾತ್ರಕ್ಕೆ ಸಣ್ಣದು ಅಂತ ನಾನು ಒಪ್ಪೋದಿಲ್ಲ. ಯುದ್ಧಕ್ಕೆ ಮೊದಲು ಕುಂತಿ ಕರ್ಣನ ಮನೆಗೆ ಬರುವ ಭಾಗ ನೆನೆಸಿಕೊಳ್ಳಿ. ದ್ರೌಪದಮ್ಮನ ಗುಡಿ ಮುಂದೆ ಭಾರತ ನಡೆಯುವಾಗ ಇದೇ ಕಥೆ ಕೂತ್ತಿನಲ್ಲಿ ನೋಡಿದ್ದೇವೆ. ಅಲ್ಲಿ ಕುಂತಿ ವೇಷದ ಗಂಡಸು ಕೊನೇ ಸಾಲಿನ ಅಜ್ಜಿಗೂ ಕೇಳೋ ಹಾಗೆ ಎದೆ ಬಡಿದುಕೊಂಡು ಅಳಬೇಕು. ಬಯಲಿಗೆ ಅದು ಸರಿ. ಸಿನಿಮಾದಲ್ಲಿ ಮಾತೆಲ್ಲ ಶಿವಾಜಿಯದು; ಗುಡುಗ್ತಾರೆ, ಕರಗ್ತಾರೆ. ರಾಜಮ್ಮನ ಪಾಲಿಗೆ ಹೆಚ್ಚಾಗಿ ಉಳಿಯೋದು ಕೇಳಿಸಿಕೊಳ್ಳೋ ಕೆಲಸ. ಹೆತ್ತ ದಿನವೇ ಹೊಳೆಗೆ ಬಿಟ್ಟ ಮಗನ ಮುಂದೆ ನಿಂತು, ಇನ್ನೈವರ ಜೀವಕ್ಕಾಗಿ ವರ ಬೇಡಬೇಕು. ಅವಳು ಬಂದದ್ದು ಪ್ರೀತಿಗೋ, ಸ್ವಾರ್ಥಕ್ಕೋ? ಎರಡಕ್ಕೂ. ರಾಜಮ್ಮ ಯಾವುದನ್ನೂ ಬಿಟ್ಟುಕೊಡದೆ ಆಡುತ್ತಾರೆ. ಆಕೆ ಹಾಗೆ ಕೇಳಿಸಿಕೊಳ್ಳದೇ ಇದ್ದಿದ್ರೆ ಶಿವಾಜಿಯ ಮಾತು ಬರೀ ಭಾಷಣ ಆಗ್ತಿತ್ತು.

ಕೊನೆಗೆ ಸತ್ತ ಕರ್ಣನ ಮೇಲೆ ಬಿದ್ದು ಅಳುವುದನ್ನು ನನ್ನ ಗೆಳೆಯರು ಬಹಳ ಹೊಗಳ್ತಾರೆ. ನನಗೆ ಅಲ್ಲಿ ಕಂಪನಿ ನಾಟಕದ ಗಂಟಲು ಸ್ವಲ್ಪ ಹೆಚ್ಚೇ ಕೇಳುತ್ತೆ. ನೋಡೋವಾಗ ನಾನೂ ಕಣ್ಣೊರೆಸಿಕೊಂಡವನೇ, ಅದು ಬೇರೆ ಮಾತು.

ಮೇಷ್ಟ್ರುಗಳು ನೋಡಬೇಕಾದ್ದು 1958ರ ‘ಸ್ಕೂಲ್ ಮಾಸ್ಟರ್’. ಪಂತುಲು ಮೇಷ್ಟ್ರು, ರಾಜಮ್ಮ ಹೆಂಡತಿ. ವಯಸ್ಸಾದ ಮೇಲೆ ಮಕ್ಕಳು ಅಪ್ಪನನ್ನೊಬ್ಬ, ಅಮ್ಮನನ್ನೊಬ್ಬ ಹಂಚಿಕೊಳ್ತಾರೆ, ಹೊಲ ಭಾಗ ಮಾಡಿದ ಹಾಗೆ. ಕಷ್ಟದಲ್ಲಿ ಕೈ ಹಿಡಿಯುವವನು ಹಳೇ ಶಿಷ್ಯ, ಪೊಲೀಸ್ ಅಧಿಕಾರಿ; ಆ ಸಣ್ಣ ಪಾತ್ರಕ್ಕೆ ಬಂದವರು ಇದೇ ಶಿವಾಜಿ. ಚಿತ್ರದ ಹೆಸರೂ ಹೊಗಳಿಕೆಯೂ ಮೇಷ್ಟ್ರಿಗೆ ಹೋಯ್ತು. ಆದರೆ ಮೇಷ್ಟ್ರಿಗೆ ನೆನೆಸಿಕೊಳ್ಳೋಕೆ ಊರು ತುಂಬ ಶಿಷ್ಯರಿದ್ದಾರೆ, ಅವರ ಹೆಂಡತಿಗೆ ಯಾರಿದ್ದಾರೆ? ಆ ಹೆಂಗಸಿನ ಒಂಟಿತನಕ್ಕೆ ಕಥೆ ಕೊಟ್ಟದ್ದು ಕಮ್ಮಿ ಜಾಗ. ಅಷ್ಟರಲ್ಲೇ ರಾಜಮ್ಮ ಅದನ್ನು ತುಂಬಿಸಿದ್ದಾರೆ.

ರಾಜಮ್ಮ 1999ರಲ್ಲಿ ತೀರಿಕೊಂಡರು. ನಮ್ಮ ಕಡೆ ಕನ್ನಡ ಶಾಲೆಗೆ ಹೋಗೋ ಮಗು ಬೀದಿಯಲ್ಲಿ ತಮಿಳು, ಸಂತೆಯಲ್ಲಿ ತೆಲುಗು ಆಡುತ್ತೆ, ಯಾರೂ ತಪ್ಪು ಅನ್ನೋದಿಲ್ಲ. ಎರಡೂ ಭಾಷೆಯಲ್ಲಿ ಬಾಳಿದ ಈ ನಟಿಯನ್ನು ಮಾತ್ರ ಅವರು ‘ಕನ್ನಡದಾಕೆ’ ಅಂತ ಬಿಟ್ಟರು, ನಾವು ‘ತಮಿಳು ಸಿನಿಮಾದ ಅಮ್ಮ’ ಅಂತ ಬಿಟ್ಟೆವು. ಮುಂದಿನ ಸಲ ಟಿ.ವಿ.ಯಲ್ಲಿ ‘ಕರ್ಣನ್’ ಬಂದಾಗ, ಶಿವಾಜಿ ಮಾತಾಡೋವಾಗ ಆಕೆಯ ಕಡೆ ನೋಡಿ.